‘ನಿಜವಾಗ್ಲೂ ಇದೇ ಸರಿ’ ಎಂಬ ಫೈಲಿನ ಕಾಟ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಸ್ವೆಟರ್ ತೊಟ್ಟು, ಪರದೆಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಾರೆ. ಹಿಂದಿನ ಸಂಜೆ ಸಹೋದ್ಯೋಗಿಗಳು ಡೇಟಾಬೇಸಿನಿಂದ ಹೊರತೆಗೆದಿಟ್ಟ ಫೈಲುಗಳು ಅಲ್ಲಿವೆ: ‘ಹೊಸದು’, ‘ಹೊಸದು ಎರಡು’, ‘ಇದೇ ಸರಿ’, ‘ನಿಜವಾಗ್ಲೂ ಇದೇ ಸರಿ’.

“ಹಾಗಾದ್ರೆ ‘ಇದೇ ಸರಿ’ ಅನ್ನೋದು ಸುಳ್ಳಾ?” ಎಂದು ಗೊಣಗುತ್ತಾರೆ. “ಹೇಳಿ ಹೇಳಿ ಬಾಯಿ ಒಣಗಿತು. ಗೋಡೆಗೆ ಹೇಳಿದ್ರೆ ಅದಾದ್ರೂ ಕೇಳ್ತಿತ್ತೇನೋ.”

ಆಸ್ಪತ್ರೆಯಲ್ಲಿ ಇವರು ‘ಹೆಸರಕ್ಕ’. ಡೇಟಾಬೇಸಿನಲ್ಲಿ ರೋಗಿಗಳ, ಔಷಧಿಗಳ ವಿವರವಿರುವ ಕೋಷ್ಟಕಗಳು, ಅವನ್ನು ಬಳಸಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂಗಳು ಸೇರಿ ಆರುನೂರ ಹದಿನೆಂಟು. ಡೇಟಾಬೇಸ್ ಕೆಟ್ಟರೆ ಮತ್ತೆ ಕಟ್ಟಲೆಂದು ಪ್ರತಿಯೊಂದನ್ನೂ ಬೇರೆಬೇರೆ ಫೈಲಾಗಿ ತೆಗೆದಿಡಬೇಕು. ಕೋಷ್ಟಕವೋ ಪ್ರೋಗ್ರಾಮೋ, ಯಾವ ವಿಭಾಗದ್ದು ಎಂಬುದು ಹೆಸರಿನಲ್ಲೇ ತಿಳಿಯಬೇಕು. ದಿನಕ್ಕೆ ನಲವತ್ತಾದರೂ ಫೈಲುಗಳನ್ನು ತೆರೆದು, ಓದಿ, ಹೆಸರು ತಿದ್ದುತ್ತಾರೆ.

ಈ ಹಟ ಹುಟ್ಟಿದ್ದು ಒಂಬತ್ತು ವರ್ಷದ ಹಿಂದೆ. ಮಗುವಿನ ತೂಕ ನೋಡಿ ಡೋಸ್ ಹೇಳುವ ಪ್ರೋಗ್ರಾಮನ್ನು ಇವರೇ ‘ಔಷಧಿ’ ಎಂಬ ಹೆಸರಿನಲ್ಲಿ ತೆಗೆದಿಟ್ಟಿದ್ದರು. ಆಮೇಲೆ ಔಷಧಿಗಳ ಕೋಷ್ಟಕಕ್ಕೂ ಅದೇ ಹೆಸರು ಕೊಟ್ಟರು. ಎರಡನೆಯದು ಮೊದಲನೆಯದನ್ನು ಅಳಿಸಿಹಾಕಿತು. ಮುಂದಿನ ವಾರ ಸರ್ವರ್ ಕೈಕೊಟ್ಟಾಗ ಡೋಸಿನ ಪ್ರೋಗ್ರಾಂ ಎಲ್ಲೂ ಇಲ್ಲ. ಎರಡು ದಿನ ನರ್ಸುಗಳು ಕಾಗದದ ಮೇಲೆ ಲೆಕ್ಕ ಹಾಕಿದರು. ಒಂದು ಹಸುಗೂಸಿಗೆ ಹತ್ತು ಪಟ್ಟು ಔಷಧಿ ಸಿರಿಂಜಿಗೆ ಏರಿತ್ತು. ಹಿರಿಯ ನರ್ಸ್ ಕಂಡು ತಡೆದರು.

“ಆ ನರ್ಸಮ್ಮ ನನ್ನ ಬೈಲಿಲ್ಲ. ಸಿರಿಂಜ್ ತಂದು ಮೇಜಿನ ಮೇಲಿಟ್ಟು ಹೋದ್ರು. ಬೈದಿದ್ರೇ ಚೆನ್ನಾಗಿತ್ತು.”

ಅಂದಿನಿಂದ ಇವರ ಕಾಟ ಮನೆಗೂ ತಪ್ಪಿಲ್ಲ. “ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಯ್ತು. ನನ್ನ ಬೆನ್ನೊಂದು ಬಾಕಿ,” ಎನ್ನುತ್ತಾರೆ ಪತಿ.

ಕಳೆದ ತಿಂಗಳು ಒಂದು ಮಧ್ಯಾಹ್ನ ಸರ್ವರ್ ಮತ್ತೆ ಕೈಕೊಟ್ಟಿತು. ಫೈಲುಗಳ ಹೆಸರು ಸರಿಯಿದ್ದುದರಿಂದ ಐವತ್ತು ನಿಮಿಷದಲ್ಲಿ ಎಲ್ಲವೂ ಮರಳಿ ಜಾಗಕ್ಕೆ ಬಂತು. ಮೇಲಧಿಕಾರಿ ಇಳಿದು ಬಂದು ಕೇಳಿದ್ದು ಒಂದೇ ಮಾತು: “ಅಷ್ಟು ಬೆಳಿಗ್ಗೆ ಬಂದು ಏನ್ ಮಾಡ್ತೀರಿ ಮೇಡಂ?”

ಹೆಸರಕ್ಕ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಏನು ಬೇಕು ನಿಮಗೆ ಎಂದರೆ ಮುಂದಿನ ಫೈಲು ತೆರೆಯುತ್ತಲೇ ಹೇಳುತ್ತಾರೆ:

“ಎರಡು ದಿನ ರಜೆ ಹಾಕಿದ್ರೆ ಒಂದು ವಾರ ಹೆಸರು ತಿದ್ದಬೇಕು. ತಂಗಿ ಮನೇಲಿ ಹದಿನೈದು ದಿನ ಇದ್ದು ಬರ್ಬೇಕು. ಬಂದು ನೋಡಿದ್ರೆ ತಿದ್ದೋಕೆ ಒಂದು ಹೆಸರೂ ಇರಬಾರ್ದು. ಅಷ್ಟಾದ್ರೆ ಸಾಕು.”