ಗಡಿಯಲ್ಲಿ ಸುರಿದ ಮಡಿಲಕ್ಕಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರೆಲ್ಲ ಒಬ್ಬನೇ ದೊರೆಯ ಪ್ರಜೆಗಳಾಗಿರಲಿಲ್ಲ. ಅಪ್ಪ, ಅಮ್ಮ, ನಾನು ಮೈಸೂರು ಮಹಾರಾಜರ ಕಡೆಯವರು. ಮುಳಬಾಗಿಲು ದಾಟಿ ಮೂಡಣಕ್ಕೆ ಹೋದರೆ ಬ್ರಿಟಿಷರ ಮದರಾಸು ಪ್ರಾಂತ ಶುರುವಾಗುತ್ತಿತ್ತು. ಅಕ್ಕನನ್ನು ಕೊಟ್ಟಿದ್ದು ಅಲ್ಲಿನ ಒಂದು ಹಳ್ಳಿಗೆ. ಎರಡೂ ಕಡೆ ಅದೇ ಕೆಂಪು ಮಣ್ಣು, ಅದೇ ಹುಣಸೆಮರ, ಅದೇ ತೆಲುಗು ಬೆರೆತ ಮಾತು. ಮಕ್ಕಳೇ, ನಡುವೆ ಒಂದು ಗಡಿ ಇದೆ ಎಂದು ನನಗೆ ನಿಜವಾಗಿ ಗೊತ್ತಾದದ್ದು ಒಂದು ದಿನ. ಆ ದಿನವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿದ್ದೇನೆಂದರೆ ಅದರ ಅಂಚುಗಳು ಸವೆದಿರಬೇಕು. ಸಂಶಯ ಬಂದ ಕಡೆ ಹೇಳಿಬಿಡುತ್ತೇನೆ.

ಅದು ಯುದ್ಧದ ಕಾಲ. ಬೆಳೆದ ರಾಗಿ, ಭತ್ತದಲ್ಲಿ ಮನೆಗೆ ಇಷ್ಟು ಎಂದು ಬಿಟ್ಟು, ಮಿಕ್ಕದ್ದನ್ನು ಸರ್ಕಾರ ತಾನೇ ಗೊತ್ತುಮಾಡಿದ ಬೆಲೆಗೆ ತೆಗೆದುಕೊಳ್ಳುತ್ತಿತ್ತು. ಅದಕ್ಕೆ ಲೆವಿ ಎನ್ನುತ್ತಿದ್ದರು. ಕಾಳುಕಡಿಯನ್ನು ಗಡಿ ದಾಟಿಸುವಂತಿರಲಿಲ್ಲ. ದೇವರಾಯಸಮುದ್ರದ ಕೆರೆಯ ಕೆಳಗೆ ನಮಗೆ ತುಸು ಗದ್ದೆಯಿತ್ತು. ಕೆಲವರು ಭತ್ತವನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟರು. ಅಪ್ಪ ಬಚ್ಚಿಡಲಿಲ್ಲ.

ಸರ್ಕಾರ ಅಂದರೆ ಏನು ಎಂದು ನಾನು ಕೇಳಿದಾಗ ಅಪ್ಪ ನನ್ನನ್ನು ಕೆರೆಯ ತೂಬಿನ ಹತ್ತಿರ ಕರೆದುಕೊಂಡು ಹೋಗಿದ್ದ. ನೀರು ಗುಳುಗುಳು ಎನ್ನುತ್ತ ಕಾಲುವೆಗೆ ಇಳಿಯುತ್ತಿತ್ತು. "ಈ ನೀರು ಎಲ್ಲರದೂ ಕಣೋ. ಅದಕ್ಕೇ ಒಬ್ಬ ನೀರುಗಂಟಿ ಬೇಕು. ಅವನಿಲ್ದಿದ್ರೆ ಮೇಲಿನ ಗದ್ದೆಯೋನೇ ಎಲ್ಲಾ ಕಟ್ಕೊಂಡುಬಿಡ್ತಾನೆ, ಕೊನೇ ಗದ್ದೆ ಒಣಗುತ್ತೆ. ಸರ್ಕಾರ ಅಂದ್ರೆ ಊರಿಗೆಲ್ಲಾ ನೀರುಗಂಟಿ," ಎಂದ. ನಾನು ನಂಬಿದೆ. ಅಪ್ಪ ನನಗಿಂತ ಹೆಚ್ಚು ನಂಬಿದ್ದ.

ಅಕ್ಕ ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದಿನ ಬಂತು. ಅವಳ ಕಡೆ ಆ ವರ್ಷ ಮಳೆಯಿಲ್ಲ. ಮನೆಯಲ್ಲಿ ಕಾಳಿಲ್ಲ ಎಂದು ಬಂದವರೆಲ್ಲ ಹೇಳಿದ್ದರು. ಅಮ್ಮ ಅಕ್ಕನನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅರಿಶಿನದ ಕೊಂಬು, ವೀಳ್ಯದೆಲೆ, ತೆಂಗಿನಕಾಯಿ, ಆಮೇಲೆ ಅಕ್ಕಿ. ಶಾಸ್ತ್ರಕ್ಕೆ ನಾಲ್ಕು ಬೊಗಸೆ ಸಾಕು. ಅಮ್ಮ ನಿಲ್ಲಿಸಲಿಲ್ಲ. ಸೆರಗು ಜಗ್ಗುವವರೆಗೆ ಸುರಿದಳು. ಹೊಸ ಅಕ್ಕಿಯ ತವುಡಿನ ವಾಸನೆ ಮನೆಯೆಲ್ಲ ತುಂಬಿತು.

"ದಾರೀಲಿ ಕೇಳಿದ್ರೆ?" ಎಂದಳು ಅಕ್ಕ.

"ಮಡಿಲಕ್ಕಿ ಯಾವ ಸರ್ಕಾರದ ಲೆಕ್ಕಕ್ಕೂ ಬರಲ್ಲ ಕಣೇ," ಎಂದ ಅಪ್ಪ.

ಮಡಿಲಕ್ಕಿಯನ್ನು ಗಂಡನ ಮನೆಯಲ್ಲಿ ಬೇಯಿಸಿ ಎಲ್ಲರೂ ಉಣ್ಣಬೇಕು. ಅದು ತವರಿಗೆ ವಾಪಸು ಬರಬಾರದು; ಬಂದರೆ ಹೆಣ್ಣುಮಗಳಿಗೆ ಒಳ್ಳೆಯದಲ್ಲ. ಇದು ನನಗೂ ಗೊತ್ತಿತ್ತು.

ಅಪ್ಪ ಗಾಡಿ ಹೂಡಿದ. ತವರಿನ ಗಂಡಾಳು ನಾನೇ ಎಂದು ಬೀಗುತ್ತ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮಗುವಿನ ತಲೆಯಿಂದ ಬಜೆಯ, ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ಗಡಿ ಚೌಕಿಗೆ ಬಂದಾಗ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಬಿಸಿಲಿತ್ತು ಎಂದು ಅಕ್ಕ ಕೊನೆಯವರೆಗೂ ವಾದಿಸುತ್ತಿದ್ದಳು.

ಖಾಕಿ ಕೋಟಿನ ಚೌಕಿಯವನು ಗಾಡಿಯೊಳಗೆ ಇಣುಕಿದ. "ಏಮ್ಮಾ, ಮಡಿಲಲ್ಲಿ ಏನು?"

"ಮಡಿಲಕ್ಕಿ ಸ್ವಾಮಿ," ಅಪ್ಪನೇ ಹೇಳಿದ. "ಬಾಣಂತಿ. ಗಂಡನ ಮನೆಗೆ ಹೊರಟವಳೆ."

"ಮೊನ್ನೆ ಒಬ್ಬಮ್ಮ ತುಂಬು ಬಸುರಿ ಅಂತ ಬಂದ್ಲು ಯಜಮಾನ್ರೇ. ಇಲ್ಲೇ ಹೆರಿಗೆ ಆಯ್ತು. ಹುಟ್ಟಿದ್ದು ಹುರುಳಿ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅವನು ಸೆರಗಿನ ಗಂಟನ್ನು ನೋಡಿ, "ಇದು ಶಾಸ್ತ್ರದ ಅಕ್ಕಿ ಅಲ್ಲ, ಸಂಸಾರದ ಅಕ್ಕಿ," ಎಂದ.

"ನಾನು ಲೆವಿ ಪೂರ್ತಿ ಕೊಟ್ಟೋನು ಸ್ವಾಮಿ."

"ಅದಕ್ಕೇ ಹೇಳ್ತಿರೋದು. ನಿಮ್ಮಂಥೋರು ಕೊಟ್ಟಿದ್ದೆಲ್ಲಾ ಹಿಂಗೆ ಆ ಕಡೆ ಹರಿದು ಹೋದ್ರೆ ಈ ಕಡೆಯೋರು ಏನ್ ತಿನ್ನಬೇಕು? ತೂಬು ಸೋರಿದ್ರೆ ಕೆರೆ ನಿಲ್ಲುತ್ತಾ?"

ಅದು ಅಪ್ಪನದೇ ಮಾತು. ಅಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಅಕ್ಕನ ಕಡೆ ನೋಡದೆ ಹೇಳಿದ: "ಸುರಿಯಮ್ಮ."

"ಅಪ್ಪ, ನಾನು ಆ ಕಡೆಯೋಳಾ?" ಎಂದಳು ಅಕ್ಕ.

ಇದನ್ನು ಅವಳು ಜೋರಾಗಿ ಹೇಳಿದಳೋ ಪಿಸುಮಾತಿನಲ್ಲೋ ಈಗ ಹೇಳಲಾರೆ. ಅವಳು ಗಾಡಿಯಿಂದ ಇಳಿದು, ಚೌಕಿಯ ಜಗಲಿಯ ಮೇಲಿದ್ದ ತಗಡಿನ ಪೀಪಾಯಿಗೆ ಸೆರಗು ಸಡಿಲಿಸಿದಳು. ಕಾಯಿ, ಎಲೆ, ಅರಿಶಿನದ ಕೊಂಬು ಉಳಿದವು. ಚೌಕಿಯವನು ಅಷ್ಟು ಹೊತ್ತೂ ಎತ್ತಿನ ಕೊಂಬು ನೋಡುತ್ತಿದ್ದ.

ಅಕ್ಕನ ಮನೆ ಮುಟ್ಟಿದಾಗ ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಮುದ್ದಿಸಿದಳು. ಆಮೇಲೆ ಅವಳ ಕಣ್ಣು ಅಕ್ಕನ ಸೆರಗಿನ ಮೇಲೆ ನಿಂತಿತು. ಒಳಗೆ ಒಲೆ ಉರಿಯುತ್ತಿತ್ತು. ಬರುವ ಅಕ್ಕಿಗೆಂದು ಎಸರಿಟ್ಟಿದ್ದರು. ನೀರು ಕುದಿದು ಕುದಿದು ತಳ ಕಾಣುವ ಹೊತ್ತಿಗೆ ಅತ್ತೆ ಹೋಗಿ ಸೌದೆ ಹೊರಗೆಳೆದಳು. ಯಾರೂ ಬೈಯಲಿಲ್ಲ. ನೀರಿನಂಥ ಅಂಬಲಿಯನ್ನು ನಮಗೇ ಮೊದಲು ಕೊಟ್ಟರು. ಅಪ್ಪ ಬಟ್ಟಲನ್ನು ಕೈಯಲ್ಲಿ ಹಿಡಿದೇ ಕೂತಿದ್ದ.

ವಾಪಸು ಬರುವಾಗ ಅಪ್ಪ ಚೌಕಿಯ ಹತ್ತಿರ ಗಾಡಿ ನಿಲ್ಲಿಸಿ ಪೀಪಾಯಿಯೊಳಗೆ ನೋಡಿದ. ನಾನೂ ತುದಿಗಾಲಲ್ಲಿ ನಿಂತು ನೋಡಿದೆ. ಇದರ ಬಗ್ಗೆ ನನಗೆ ಸಂಶಯವಿಲ್ಲ. ಮೇಲೆ ಅಕ್ಕನ ಅಕ್ಕಿ, ಅಲ್ಲಲ್ಲಿ ಅರಿಶಿನ ತಾಗಿ ಹಳದಿ. ಅಪ್ಪ ಕೈ ಇಳಿಸಿ ಕೆದಕಿದಾಗ ಕೆಳಗಿನಿಂದ ರಾಗಿ, ಹುರುಳಿ, ಜೋಳ ಎಲ್ಲ ಒಂದರೊಳಗೊಂದು ಬೆರೆತು ಮೇಲೆ ಬಂದವು, ಮುಗ್ಗಿ ಹುಳು ಹಿಡಿದು.

"ಇದನ್ನ ಯಾವಾಗ ತಗೊಂಡೋಗ್ತಾರೆ ಸ್ವಾಮಿ?"

"ಮೇಲಿಂದ ಹುಕುಂ ಬರಬೇಕು ಯಜಮಾನ್ರೇ. ಹೋದ ವರ್ಷದ್ದೂ ಅದರಲ್ಲೇ ಇದೆ."

ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ. ದಾರಿಯಲ್ಲಿ ನಾನು, "ನೀರುಗಂಟಿ ಕೊನೇ ಗದ್ದೆಗೆ ನೀರು ಬಿಡದೆ ಇದ್ರೆ?" ಎಂದು ಕೇಳಿದೆ. "ದೊಡ್ಡವನಾದ ಮೇಲೆ ಓದ್ಕೋ," ಎಂದ.

ಓದಿದೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎರಡನ್ನೂ ಓದಿದೆ. ಜನ, ನೆಲ, ಸರ್ಕಾರ, ಪರಮಾಧಿಕಾರ ಸೇರಿದರೆ ರಾಜ್ಯ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ದರ್ಜೆಯಲ್ಲೇ ಪಾಸಾದೆ. ಪೀಪಾಯಿಯ ವಿಷಯ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಬ್ರಿಟಿಷರು ಹೋದರು, ಮಹಾರಾಜರ ಆಳ್ವಿಕೆಯೂ ಮುಗಿಯಿತು. ಆಳುವವರನ್ನು ನಾವೇ ಆರಿಸುವ ಕಾಲ ಬಂತು. ಅಪ್ಪ ಪ್ರತಿ ಸಲವೂ ಹೋಗಿ ಓಟು ಹಾಕಿ ಬರುತ್ತಿದ್ದ. ನೀರುಗಂಟಿಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಅಕ್ಕನೂ ಮತ್ತೆ ಎಂದೂ ಮಡಿಲು ಒಡ್ಡಲಿಲ್ಲ. ಅಮ್ಮ ತಟ್ಟೆ ಹಿಡಿದು ಬಂದರೆ ಸೆರಗನ್ನು ಸೊಂಟಕ್ಕೆ ಬಿಗಿದು, "ಬೇಡಮ್ಮ, ದಾರೀಲಿ ಸುರಿಯೋಕೆ ಯಾಕೆ," ಎನ್ನುತ್ತಿದ್ದಳು. ಅಮ್ಮ ಸಾಯುವವರೆಗೂ ಹೀಗೇ ಆಯಿತು.

ಮಕ್ಕಳೇ, ನಿಮ್ಮ ಮನೆಗೆ ಈಗ ಅಕ್ಕಿ ಚೀಲದಲ್ಲಿ ಬರುತ್ತದೆ. ಅದು ಯಾವ ಗಡಿ ದಾಟಿ ಬಂತೆಂದು ನೀವು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಾವೆಲ್ಲ ತಿರುಪತಿಗೆ ಹೋದಾಗ ಬಸ್ಸು ಅದೇ ರಸ್ತೆಯಲ್ಲಿ ಓಡಿತು. ನೀವು ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದಿರಿ. ನನ್ನ ಪಕ್ಕದಲ್ಲಿ ಅಕ್ಕ. ಅವಳಿಗೆ ಆಗ ಕಣ್ಣು ಮಂಜಾಗಿತ್ತು. ಮುಳಬಾಗಿಲು ಬಿಟ್ಟ ಸ್ವಲ್ಪ ಹೊತ್ತಿಗೆ ಅವಳ ಎರಡೂ ಕೈ ಬರಿದಾದ ಮಡಿಲ ಮೇಲೆ ಬಂದು ಗಟ್ಟಿಯಾಗಿ ಕೂತವು.

"ದಾಟಿದ್ವೇನೋ?" ಎಂದಳು.

ಹೊರಗೆ ನೋಡಿದೆ. ಅಂಗಡಿಗಳು, ಲಾರಿಗಳು, ಡಾಂಬರು. ಚೌಕಿ ಎಲ್ಲಿತ್ತೆಂದು ನನಗೆ ಗುರುತೇ ಹತ್ತಲಿಲ್ಲ.

"ದಾಟಿದ್ವಿ ಅಕ್ಕ," ಎಂದೆ.

ಅವಳು ಕೈ ತೆಗೆಯಲಿಲ್ಲ.