ಭವಿಷ್ಯಕ್ಕೆ ಹೊರಟ ಮಣ್ಣಿನ ಮನುಷ್ಯ
ಅನಿಮೇಷನ್ ಓದುವ ನಾದಿನಿ ಮನೆಯಲ್ಲಿದ್ದರೆ ಊಟದ ಮೇಜಿನ ಆಸೆ ಬಿಡಬೇಕು. ನಮ್ಮ ಮೇಜಿನ ಮೇಲೆ ಒಂದು ತಿಂಗಳಿಂದ ಜೇಡಿಮಣ್ಣಿನ ಮನುಷ್ಯನೊಬ್ಬ ಭವಿಷ್ಯದ ಕಡೆಗೆ ನಡೆಯುತ್ತಿದ್ದಾನೆ. ನಾವು ನೆಲದಲ್ಲಿ ಕೂತು ಉಣ್ಣುತ್ತಿದ್ದೇವೆ. ಅವನ ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ನಮ್ಮನ್ನು ಗದರುವುದು, ಇದೇ ನಾದಿನಿಯ ದಿನಚರಿ. "ಅತ್ತಿಗೆ, ಸೀನಬೇಡಿ, ಭವಿಷ್ಯ ಅಲ್ಲಾಡುತ್ತೆ!" ಮೇಜಿನ ತುದಿಯಲ್ಲಿ ಅವಳು ನಿಲ್ಲಿಸಿದ ರಟ್ಟಿನ ಬಾಗಿಲು ಭವಿಷ್ಯವಂತೆ; ಪಕ್ಕದಲ್ಲಿ ದೀಪಸ್ತಂಭವಾಗಿ ನಿಂತ ನನ್ನ ಮಗಳ ಹಾಲಿನ ಬಾಟಲಿ ನಂಬಿಕೆಯಂತೆ. "ನಿನ್ನ ನಂಬಿಕೇನ ತೊಳ್ದು ಕೊಡೇ, ಮಗು ಹಸಿದಿದೆ" ಎಂದರೆ ಮುಖ ಊದಿಸುತ್ತಾಳೆ. ಕಾಲೆತ್ತಿಸಿದೊಡನೆ ಆ ಮನುಷ್ಯ ಮುಗ್ಗರಿಸುತ್ತಾನೆ, ಅದಕ್ಕೇ ಅವನ ಬೆನ್ನಿಗೆ ನನ್ನ ಹೇರ್‌ಪಿನ್ನಿನ ಆಸರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋದಿಂದ ಪಿನ್ನನ್ನು ಅಳಿಸುತ್ತಾಳೆ. ಪಿನ್ನು ಕಂಡರೆ ಮೇಷ್ಟ್ರು ಅಂಕ ಕಳೆಯುತ್ತಾರೆ. ಹೋದ ವರ್ಷ ಫೇಲಾದವಳು ಈ ಸಲವೂ ಫೇಲಾದರೆ ಓದು ಅಲ್ಲಿಗೆ ಮುಗಿಯಿತು. ನಿನ್ನೆ ಫೋಟೋಗಳನ್ನೆಲ್ಲ ಜೋಡಿಸಿ ಮಾಡಿದ ಇಡೀ ಚಿತ್ರ ತೋರಿಸಿದಳು. ಬಾಗಿಲ ಬಳಿಯ ಕೊನೆಯ ಹೆಜ್ಜೆಯಲ್ಲಿ ಪಿನ್ನು ಹಾಗೇ ಇತ್ತು. "ಇದನ್ನ ಅಳಿಸೋದು ಮರೆತ್ಯಾ?" ಎಂದೆ. ಮಗಳ ಫ್ರಾಕನ್ನು ಹಿಂದಿನಿಂದ ಹಿಡಿದು ನಡೆಸುತ್ತಿದ್ದ ನನ್ನ ಕೈಯನ್ನೇ ನೋಡಿದಳು. "ಇಲ್ಲ ಅತ್ತಿಗೆ. ಅಷ್ಟು ದೂರ ಒಬ್ಬನೇ ಬಂದ ಅಂತ ಸುಳ್ಳು ಹೇಳೋಕಾಗ್ಲಿಲ್ಲ." ಪಿನ್ನಿಲ್ಲದೆ ಕೆದರಿದ ತಲೆಯಲ್ಲೇ, ಚಿತ್ರ ಇನ್ನೊಂದು ಸಲ ಹಾಕು ಎಂದೆ.