ಈ ಕೈಯಲ್ಲಿ ಐದು, ಆ ಕೈಯಲ್ಲಿ ಮೂರು

ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಆಕೆ ಚೆಕ್ಕರ್. ಹೊಲಿದು ಬಂದ ಕಾಲರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹೊಲಿಗೆ ತಪ್ಪಿದಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೆಯುವುದು ಕೆಲಸ. ಭಾನುವಾರ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ವಾಲಿಬಾಲ್ ರೆಫರಿ. ಹರೆಯದಲ್ಲಿ ಆಡಿದವಳು, ಮೊಣಕಾಲು ಕೈಕೊಟ್ಟ ಮೇಲೆ ಪರೀಕ್ಷೆ ಪಾಸು ಮಾಡಿ ಸೀಟಿ ಹಿಡಿದಳು. ಹುಡುಗಿಯರು ಕರೆಯುವುದೇ ಸೀಟಿಯಕ್ಕ ಎಂದು.

ಎತ್ತರದ ಸ್ಟ್ಯಾಂಡಿನ ಮೇಲೆ ನಿಲ್ಲುವ ದೊಡ್ಡ ರೆಫರಿ ಹೊರಗಿನಿಂದ ಬರುತ್ತಾರೆ. ಸೀಟಿಯಕ್ಕನದು ಎದುರಿನ ಕಂಬದ ಪಕ್ಕ, ನೆಲದ ಮೇಲಿನ ಜಾಗ. ಯಾರ ಮೈ ನೆಟ್ಟಿಗೆ ತಾಗಿತೆಂದು ನೋಡುವುದು ಅವಳ ಕಣ್ಣಿನ ಪಾಲು. ತಾಗಿದರೆ ಸೀಟಿ ಊದಿ, ಆ ಕಡೆಯ ನೆಟ್ ಮುಟ್ಟಿ ತೋರಿಸಿ, ಬಳಿಕ ತಪ್ಪಿದವಳ ನಂಬರನ್ನು ಬೆರಳಲ್ಲಿ ಹೇಳಬೇಕು. ಐದರವರೆಗೆ ಒಂದು ಕೈ ಸಾಕು. ಅಲ್ಲಿಂದ ಹತ್ತರವರೆಗೆ ಎರಡು ಕೈ. ಅದಕ್ಕೂ ಮೇಲಿನದನ್ನು ಎರಡು ಸಲಕ್ಕೆ ಒಡೆದು ತೋರಿಸುವುದು. ಆ ಗದ್ದಲದಲ್ಲಿ ಬಾಯಿ ಬಿಟ್ಟರೂ ಯಾರಿಗೂ ಕೇಳಿಸದು. ಬರಬರುತ್ತ ಈ ಅಭ್ಯಾಸ ಮನೆಯೊಳಗೂ ಬಂತು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಗಂಡ ಕೇಳಿದರೆ ಎರಡು ಬೆರಳು ಏಳುತ್ತಿದ್ದವು.

"ಆರು ಚಮಚ ಬೇಕಾದ್ರೆ ಕಪ್ ಕೆಳಗಿಡ್ತೀಯೇನೇ?" ಎಂದು ಅವನು ನಗುತ್ತಿದ್ದ.

ಈಗ ಕಾರ್ಖಾನೆಯ ಧರ್ಮದ ಮಾತು. ಇಲ್ಲಿನ ವಾಲಿಬಾಲ್ ತಂಡದ ಹುಡುಗಿಯರಲ್ಲಿ ಹೆಚ್ಚಿನವರು ಕಾಂಟ್ರಾಕ್ಟಿನವರು, ಆಟ ಬರುತ್ತದೆಂದೇ ಕೆಲಸಕ್ಕೆ ತೆಗೆದುಕೊಂಡವರು. ವರ್ಷದ ಪಂದ್ಯಾವಳಿಯ ಕಪ್ ಬಂದರೆ ಪರ್ಮನೆಂಟ್. ಕಪ್ ಕಳೆದವಳು ಮನೆಗೆ. ಇದನ್ನು ಯಾರೂ ಗೋಡೆಗೆ ಅಂಟಿಸಿಲ್ಲ, ಆದರೆ ಗೊತ್ತಿಲ್ಲದವರೂ ಇಲ್ಲ. ಹಿಂದಿನ ವರ್ಷದ ಫೈನಲಿನಲ್ಲಿ ಸೀಟಿಯಕ್ಕ ನಾಲ್ಕು ಬೆರಳು ತೋರಿಸಿದ್ದಳು. ಸೋಮವಾರ ಆ ಹುಡುಗಿಯ ಮೆಷಿನ್ನಿನ ಮುಂದೆ ಬೇರೆ ಹುಡುಗಿ ಕೂತಿದ್ದಳು. ಕಾಲರುಗಳು ಎಂದಿನಂತೆ ಬಂದವು. ಸೀಟಿಯಕ್ಕ ಎಂದಿನಂತೆ ನೋಡಿದಳು. ಎದೆಯಲ್ಲಿ ಏನಾದರೂ ಆಗಬಹುದೆಂದು ಮಧ್ಯಾಹ್ನದವರೆಗೆ ಕಾದಳು. ಏನೂ ಆಗಲಿಲ್ಲ.

ಈ ವರ್ಷದ ಫೈನಲ್. ಕೊನೆಯ ಸೆಟ್ಟಿನಲ್ಲಿ ಎದುರಾಳಿಗೆ ಬೇಕಿದ್ದದ್ದು ಇನ್ನೊಂದೇ ಪಾಯಿಂಟ್. ಹೊಡೆತ ತಡೆಯಲು ಕಾರ್ಖಾನೆಯ ಮೂವರು ಒಟ್ಟಿಗೆ ಹಾರಿದರು, ಮೂವರೂ ಕಾಂಟ್ರಾಕ್ಟಿನವರೇ. ಎಂಟನೇ ನಂಬರಿನವಳ ಮೊಣಕೈ ನೆಟ್ಟನ್ನು ಎಳೆಯಿತು. ಸೀಟಿಯಕ್ಕ ಯೋಚಿಸುವ ಮೊದಲೇ ಸೀಟಿ ಕೂಗಿಯಾಗಿತ್ತು. ನೆಟ್ ಮುಟ್ಟಿದಳು. ಕುರ್ಚಿಗಳ ಸಾಲಿನಲ್ಲಿ ಮ್ಯಾನೇಜರ್ ಕತ್ತು ಮುಂದೆ ಚಾಚಿದ. ಅವಳು ಎರಡೂ ಕೈಗಳನ್ನು ಇಳಿಸಿ ತೊಡೆಗೆ ಒತ್ತಿ ಹಿಡಿದಳು. ಪಾಯಿಂಟ್ ಹೋಯಿತು, ಕಪ್ ಹೋಯಿತು, ನಂಬರ್ ಮಾತ್ರ ಹೊರಬರಲಿಲ್ಲ.

ಇಷ್ಟರಿಂದ ಒಬ್ಬಳ ಕೆಲಸ ಉಳಿಯಿತೆಂದು ಅವಳು ತಿಳಿದಳು. ಬೆರಳು ತೋರಿಸಿದರೆ ಹಸ್ತ ನುಂಗುವವರು, ಬೆರಳು ತೋರಿಸದಿದ್ದರೆ ಉಪವಾಸ ಮಲಗುತ್ತಾರೆಯೇ?

ಸೋಮವಾರ ಬೆಳಿಗ್ಗೆ ಕ್ಯಾಬಿನ್ನಿಗೆ ಕರೆ ಬಂತು. ಗಾಜಿನ ಗೋಡೆಯ ಆಚೆ ಬೆಂಚಿನ ಮೇಲೆ ಆ ಮೂವರು ಹುಡುಗಿಯರು, ತೊಡೆಯ ಮೇಲೆ ಊಟದ ಡಬ್ಬಿ.

"ಏನಮ್ಮಾ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾಡ್ಬಿಟ್ರಿ?" ಎಂದ ಮ್ಯಾನೇಜರ್. "ಯಾರು ಅಂತ ತೋರಿಸ್ಲೇ ಇಲ್ಲ."

"ಮೂರು ಜನ ಒಟ್ಟಿಗೆ ಹಾರಿದ್ರು ಸರ್. ಸರಿಯಾಗಿ ಕಾಣ್ಲಿಲ್ಲ."

"ಕಾಲರಲ್ಲಿ ಒಂದು ನೂಲು ಎದ್ದಿದ್ರೂ ಕಾಣುತ್ತೆ ನಿಮಗೆ." ಅವನು ನಕ್ಕ. "ಹೋಗ್ಲಿ ಬಿಡಿ. ಮೂವರನ್ನೂ ಕಳಿಸ್ತೀನಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಸರ್?"

"ಹಾಗಾದ್ರೆ ಎತ್ತು ಯಾವುದು ಹೇಳಿ. ಎಮ್ಮೆಗಳು ಇರ್ಲಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟೇಕೆ ಬೇಕು? ಕತ್ತು ಕೊಯ್ಯುವುದು ಇವರ ಕೆಲಸ, ಯಾರದೆಂದು ಆರಿಸುವ ಪಾಪ ಮಾತ್ರ ಕೂಲಿಯವಳದು. ಇದಕ್ಕೆ ಇವರು ಇಟ್ಟ ಹೆಸರು ಶಿಸ್ತು.

ಸೀಟಿಯಕ್ಕ ಮೇಜಿನ ಅಂಚು ನೋಡುತ್ತ ನಿಂತಳು. ಸುಮ್ಮನಿದ್ದರೆ ಮೂವರು, ಹೇಳಿದರೆ ಒಬ್ಬಳು. ಆಮೇಲೆ ಕೈಗಳು ಎದೆಯ ಎತ್ತರಕ್ಕೆ ಬಂದವು. ಬಲಗೈಯಲ್ಲಿ ಐದು, ಎಡಗೈಯಲ್ಲಿ ಮೂರು. ಅವು ತನ್ನವೆಂದು ಅವಳಿಗೆ ಅನಿಸಲಿಲ್ಲ. ಯಾರೋ ಒಗೆದು ಹಗ್ಗಕ್ಕೆ ಹಾಕಿದ ಕೈಗವಸುಗಳಂತಿದ್ದವು.

ಗಾಜಿನ ಆಚೆಯವರಿಗೂ ಅದು ಕಂಡಿತು. ಇಬ್ಬರು ತಲೆ ತಗ್ಗಿಸಿದರು. ನಡುವಿನವಳು ತನ್ನ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದಳು.

ಗೇಟಿನ ಹತ್ತಿರ ಸೀಟಿಯಕ್ಕ ಅವಳನ್ನು ತಡೆದು ನಿಲ್ಲಿಸಿದಳು.

"ನೋಡಮ್ಮಾ, ಹೇಳದೇ ಇದ್ದಿದ್ರೆ ಆ ಇಬ್ರೂ..."

"ಗೊತ್ತು ಬಿಡಿ ಅಕ್ಕ. ನಂದೇ ಮೊಣಕೈ." ಹುಡುಗಿ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಸೇತುವೆ ಆಚೆ ಕಾರ್ಖಾನೇಲೂ ಟೀಮ್ ಇದೆಯಂತೆ. ಚೆನ್ನಾಗಿ ಆಡ್ತಾಳೆ ಅಂತ ನಾಲ್ಕು ಸಾಲು ಬರೆದ್ಕೊಡ್ತೀರಾ? ರೆಫರಿ ಬರೆದ್ರೆ ನಂಬ್ತಾರೆ."

ಸೀಟಿಯಕ್ಕ ವಾಚ್‌ಮನ್ನನ ಹತ್ತಿರ ಪೆನ್ನು ಕಾಗದ ಇಸಿದುಕೊಂಡು, ಅವನ ಕಟ್ಟೆಯ ಮೇಲೆ ಕೂತಳು. ಈ ಪತ್ರ ತಂದಿರುವ, ಎಂದು ಬರೆದಳು. ಅಲ್ಲಿಗೆ ಪೆನ್ನು ನಿಂತಿತು. ನೆಗೆತ ಗೊತ್ತಿತ್ತು, ಸರ್ವಿಸ್ ಗೊತ್ತಿತ್ತು, ಹೊಲಿಗೆಯ ಓಟ ಕೂಡ ಗೊತ್ತಿತ್ತು.

"ನಿನ್ನ ಹೆಸರು ಏನಮ್ಮಾ?"

ಹುಡುಗಿ ಅವಳ ಮುಖವನ್ನೇ ನೋಡಿದಳು.

"ಇಲ್ಲಿ ಸೇರಿದಾಗಿಂದ ನನ್ನ ಕಾಲರ್ ನೋಡಿದ್ದು ನೀವೇ ಅಲ್ವಾ ಅಕ್ಕ," ಎಂದಳು. ಆಮೇಲೆ ಹೇಳಿದಳು. ಸೀಟಿಯಕ್ಕ ಬರೆದುಕೊಂಡಳು, ಅಕ್ಷರ ಸರಿಯಾಗಿದೆಯೇ ಎಂದು ಹುಡುಗಿಯೇ ಬಗ್ಗಿ ನೋಡಿಕೊಂಡಳು.